ಬಿಸಿನೀರಿನ ಬುಗ್ಗೆಯ ಖನಿಜ ನೀರು: ಉರಿಯೂತಕ್ಕೆ, ಉಸಿರಾಟದ ತೊಂದ್ರೆಗೆ ಬಳಸೋ ಮುಂಚೆ ಒಂದೊಂದಾಗಿ ನೋಡ್ಕೋಬೇಕಾದ್ದು

ಥರ್ಮಲ್ ಸ್ಪಾಗೆ, ಅಂದ್ರೆ ಬುಗ್ಗೆ ನೀರಲ್ಲಿ ಸ್ನಾನ, ಚಿಕಿತ್ಸೆ ಕೊಡೋ ಜಾಗಕ್ಕೆ, ಹೋಗಿ ಬಂದ ಇಬ್ರನ್ನ ಕೇಳಿ ನೋಡಿ, ಒಬ್ರು ಮಂಡಿ ನೋವು ಅರ್ಧಕ್ಕರ್ಧ ಇಳೀತು ಅಂತಾರೆ, ಇನ್ನೊಬ್ರು ತೊಟ್ಟಿಗೆ ಇಳಿದ ಸ್ವಲ್ಪ ಹೊತ್ತಿಗೇ ದಮ್ಮು ಕಟ್ಟಿದ ಹಾಗಾಗಿ ಎದ್ದು ಬಂದೆ ಅಂತಾರೆ, ಇಬ್ರೂ ಸುಳ್ಳು ಹೇಳ್ತಿಲ್ಲ. ನೀರು ಒಂದೇ ಆದ್ರೂ ಕಾಯಿಲೆ ಬೇರೆ ಬೇರೆ. ಬಿಸಿನೀರಿನ ಬುಗ್ಗೆ ಅಂದ ತಕ್ಷಣ ಜನ "ಹೋಗಿ ಮುಳುಗಿ ಕೂತ್ರಾಯ್ತು" ಅಂದ್ಕೊಂಡುಬಿಡ್ತಾರೆ, ಕೀಲು ನೋವಿಗೆ ಅದು ಸರಿ, ಆದ್ರೆ ಉಬ್ಬಸ (ಅಸ್ತಮಾ) ಇರೋರು, ಸಿಒಪಿಡಿ (ಶ್ವಾಸನಾಳ ಕಟ್ಟಿ ಉಸಿರಾಟ ಕಷ್ಟವಾಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರೋರು ಕುತ್ತಿಗೆ ತನಕ ಮುಳುಗಿ ಕೂತ್ರೆ ಲಾಭಕ್ಕಿಂತ ಕಷ್ಟಾನೇ ಜಾಸ್ತಿ ಆಗ್ಬಹುದು, ಉಸಿರಿನ ವಿಷಯಕ್ಕೆ ಆ ನೀರನ್ನ ಬಳಸೋ ದಾರಿನೇ ಬೇರೆ. ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇದ್ಯಾವುದೂ ಔಷಧಿಗೆ ಬದಲಿ ಅಲ್ಲ, ಇನ್ಹೇಲರ್ ಮನೇಲಿ ಬಿಟ್ಟು ಸ್ಪಾಗೆ ಹೋಗೋ ಪ್ಲಾನ್ ಇದ್ರೆ ಇಲ್ಲೇ ಕೈಬಿಡಿ.

ಹೆಜ್ಜೆ 1: ಆ ನೀರಲ್ಲಿ ಏನಿದೆ ಅಂತ ರಿಪೋರ್ಟ್ ಕೇಳಿ

ಮಳೆ ನೀರು ಭೂಮಿ ಒಳಗೆ ಆಳಕ್ಕೆ ಇಳಿದಾಗ ಪ್ರತಿ ಕಿಲೋಮೀಟರ್‌ಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರ್ತಾ ಹೋಗತ್ತೆ, ಹಾಗೆ ಕಾದ ನೀರು ಬಂಡೆಯೊಳಗಿನ ಗಂಧಕ, ಸುಣ್ಣಾಂಶ, ಮೆಗ್ನೀಸಿಯಂ, ಸೋಡಿಯಂ, ಸಿಲಿಕಾ ಎಲ್ಲಾ ಕರಗಿಸ್ಕೊಂಡು ಬಿರುಕಲ್ಲಿ ಮೇಲೆ ಬರತ್ತೆ. ಯಾವ ಬಂಡೆ ದಾಟಿ ಬಂತೋ ಆ ಬಂಡೆಯ ಗುಣ, ಅದಕ್ಕೇ ಒಂದು ಬುಗ್ಗೆ ಇದ್ದ ಹಾಗೆ ಇನ್ನೊಂದು ಇರಲ್ಲ. ಜಪಾನಿನಲ್ಲಿ 1948ರ ಕಾನೂನಿನ ಪ್ರಕಾರ ನೀರು 25 ಡಿಗ್ರಿಗಿಂತ ಬಿಸಿ ಇದ್ರೆ ಸಾಕು, ಇಲ್ಲಾ ಪಟ್ಟಿಯಲ್ಲಿರೋ 19 ವಸ್ತುಗಳಲ್ಲಿ ಒಂದಾದ್ರೂ ನಿಗದಿತ ಪ್ರಮಾಣದಲ್ಲಿ ಇದ್ರೆ ಸಾಕು, ಅದನ್ನ ಓನ್ಸೆನ್ ಅಂತ ಕರೀಬಹುದು. ಅಂದ್ರೆ ಬರೀ ಬಿಸಿ ಇದ್ದು ಖನಿಜ ಹೆಚ್ಚೇನೂ ಇಲ್ಲದ ನೀರೂ ಬುಗ್ಗೆ ನೀರೇ ಅನ್ನಿಸ್ಕೊಳತ್ತೆ, ಹೆಸರು ನೋಡಿ ಹೊರಡೋದು ಬೇಡ.

ಒಳ್ಳೇ ಜಾಗಗಳಲ್ಲಿ ನೀರಿನ ವಿಶ್ಲೇಷಣೆ ಗೋಡೆ ಮೇಲೋ ವೆಬ್‌ಸೈಟಲ್ಲೋ ಹಾಕಿರ್ತಾರೆ. ಅದರಲ್ಲಿ ನೋಡ್ಬೇಕಾದ್ದು ತಾಪಮಾನ, ಪಿಎಚ್, ಒಟ್ಟು ಕರಗಿದ ಖನಿಜ, ಗಂಧಕದ ಅಂಶ, ಬೈಕಾರ್ಬನೇಟ್, ಸೋಡಿಯಂ, ಮತ್ತೆ ಬ್ಯಾಕ್ಟೀರಿಯಾ ಟೆಸ್ಟ್ ಯಾವತ್ತಿನದು ಅನ್ನೋದು. ಯುರೋಪಿನ ಲೆಕ್ಕದಲ್ಲಿ ಲೀಟರ್‌ಗೆ 1500 ಮಿಲಿಗ್ರಾಂ ದಾಟಿದ್ರೆ ಖನಿಜ ಹೇರಳವಾಗಿರೋ ನೀರು, 500ಕ್ಕಿಂತ ಕಮ್ಮಿ ಇದ್ರೆ ಹಗುರ ನೀರು. ಇದರಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾಗೋದು ಮೂರು ಜಾತಿ. ಗಂಧಕದ ನೀರು ಕೊಳೆತ ಮೊಟ್ಟೆ ವಾಸನೆ ಹೊಡೆಯತ್ತೆ, ಚರ್ಮ, ಕೀಲು, ಮೂಗು ಮೂರಕ್ಕೂ ಬಳಸ್ತಾರೆ. ಉಪ್ಪಿನ ನೀರು ಕಫ ಸಡಿಲ ಮಾಡೋಕೆ, ಚರ್ಮಕ್ಕೆ. ಬೈಕಾರ್ಬನೇಟ್ ನೀರು ಗಂಟಲು ಮೂಗು ತೊಳೆಯೋಕೆ ಮೃದು. ರೇಡಾನ್ ಅನ್ನೋ ವಿಕಿರಣ ಸೂಸೋ ಅನಿಲ ಇರೋ ಬುಗ್ಗೆಗಳೂ ಇವೆ, ಆಸ್ಟ್ರಿಯಾದ ಬಾಡ್ ಗಾಸ್ಟೈನ್, ಜಪಾನಿನ ಮಿಸಾಸ ಅದಕ್ಕೇ ಹೆಸರಾದವು, ಬೆನ್ನುಮೂಳೆಯ ಉರಿಯೂತ ಇರೋರು ಹೋಗ್ತಾರೆ, ಆದ್ರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟಿನ ನಂತರ ದೊಡ್ಡ ಕಾರಣ ರೇಡಾನ್ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿರೋವಾಗ ಉಸಿರಾಟದ ರೋಗಿಗಳು ಅಲ್ಲಿಗೆ ಹೋಗೋದ್ರಲ್ಲಿ ನನಗಂತೂ ಅರ್ಥ ಕಾಣಲ್ಲ.

ಹೆಜ್ಜೆ 2: ನಿಮ್ಮ ತೊಂದ್ರೆಗೆ ನಿಜವಾಗ್ಲೂ ಪುರಾವೆ ಇದೆಯಾ ನೋಡಿ

ಮಂಡಿ ಸವೆತದ ನೋವಿಗೆ ಪುರಾವೆ ಚೆನ್ನಾಗೇ ಇದೆ. ಫ್ರಾನ್ಸ್‌ನಲ್ಲಿ 462 ಜನರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಮನೇಲಿ ಮಾಡೋ ವ್ಯಾಯಾಮ ಮಾತ್ರ, ಇನ್ನೊಂದು ಗುಂಪಿಗೆ ವ್ಯಾಯಾಮದ ಜೊತೆ 18 ದಿನ ಥರ್ಮಲ್ ಚಿಕಿತ್ಸೆ ಕೊಟ್ರು, ಆರು ತಿಂಗಳ ನಂತರ ಗಮನಾರ್ಹವಾಗಿ ಸುಧಾರಿಸಿದವರು ಮೊದಲನೇ ಗುಂಪಲ್ಲಿ 36.4 ಪರ್ಸೆಂಟ್, ಎರಡನೇದ್ರಲ್ಲಿ 50.8 ಪರ್ಸೆಂಟ್. ಆದ್ರೆ ಇಲ್ಲೊಂದು ತೊಡಕಿದೆ, ಸ್ಪಾಗೆ ಹೋದೋನಿಗೆ ಸ್ಪಾಗೆ ಹೋಗಿದ್ದೀನಿ ಅಂತ ಗೊತ್ತಿರತ್ತಲ್ಲ, ಮಾತ್ರೆ ಥರ ಡಮ್ಮಿ ಕೊಟ್ಟು ಪರೀಕ್ಷೆ ಮಾಡೋಕಾಗಲ್ಲ, ಮೂರು ವಾರ ಕೆಲಸ ಬಿಟ್ಟು ಆರಾಮಾಗಿ ಇದ್ರೂ ನೋವು ಇಳಿಯತ್ತೆ. ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆನೇ ಕೀಲುಗಳ ಮೇಲೆ ದಾಳಿ ಮಾಡೋ ಕಾಯಿಲೆ) ಬಗ್ಗೆ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಇಟ್ಟು ತೂಗೋ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಪುರಾವೆ ಸಾಲದು ಅಂತಲೇ ಹೇಳಿದ್ದು.

ಚರ್ಮದ ಉರಿಯೂತಕ್ಕೆ, ಅಂದ್ರೆ ಸೋರಿಯಾಸಿಸ್, ಎಕ್ಸಿಮಾಗೆ, ಮೃತ ಸಮುದ್ರದ ಉಪ್ಪು ನೀರು ಮತ್ತು ಬಿಸಿಲು ಎರಡೂ ಸೇರಿ ಕೆಲಸ ಮಾಡತ್ತೆ. ಸಮುದ್ರ ಮಟ್ಟಕ್ಕಿಂತ 430 ಮೀಟರ್ ಕೆಳಗಿರೋದ್ರಿಂದ ಅಲ್ಲಿ ಸುಡೋ ಕಿರಣ ಸ್ವಲ್ಪ ಸೋಸಿ ಬರತ್ತೆ, ಜಾಸ್ತಿ ಹೊತ್ತು ಬಿಸಿಲಲ್ಲಿರಬಹುದು. ಮಜಾ ಏನಂದ್ರೆ ಅಲ್ಲಿಗೆ ಹೋದ ಶ್ವಾಸಕೋಶದ ರೋಗಿಗಳಿಗೆ ಆಕ್ಸಿಜನ್ ಮಟ್ಟ ಸ್ವಲ್ಪ ಏರೋದೂ ಇದೆ, ಅದನ್ನೂ ಜನ ನೀರಿನ ಖಾತೆಗೇ ಹಾಕ್ತಾರೆ, ನಿಜವಾದ ಕಾರಣ ಆ ತಗ್ಗಲ್ಲಿ ಗಾಳಿಯ ಒತ್ತಡ ಪಾದರಸದ ಅಳತೆಯಲ್ಲಿ 800 ಎಂಎಂ ಹತ್ರ ಇರತ್ತೆ ಅನ್ನೋದು, ಸಮುದ್ರ ಮಟ್ಟದಲ್ಲಿ ಅದು 760.

ಉಸಿರಾಟಕ್ಕೆ ಬಂದ್ರೆ, ಮೂಗು ಮತ್ತು ಸೈನಸ್ ತೊಂದ್ರೆಗೆ ಗಂಧಕದ ನೀರಿನ ಹಬೆ, ಸಣ್ಣ ಹನಿಗಳ ಮಂಜು ಅಂದ್ರೆ ಏರೋಸಾಲ್‌ನಿಂದ ಕಟ್ಟಿದ ಮೂಗು ಬಿಡತ್ತೆ, ಕಫ ಸಾಗೋ ವೇಗ ಸುಧಾರಿಸತ್ತೆ ಅಂತ ಮುಖ್ಯವಾಗಿ ಇಟಲಿಯ ಸಣ್ಣ ಸಣ್ಣ ಅಧ್ಯಯನಗಳು ತೋರಿಸಿವೆ. ಗಂಧಕದ ಹೈಡ್ರೋಜನ್ ಸಲ್ಫೈಡ್ ಅನಿಲ ಕಫದೊಳಗಿನ ಪ್ರೋಟೀನ್ ಎಳೆಗಳನ್ನ ಹಿಡಿದಿರೋ ಗಂಧಕದ ಕೊಂಡಿಗಳನ್ನ ಬಿಡಿಸತ್ತೆ, ಅದಕ್ಕೇ ಗಟ್ಟಿ ಕಫ ನೀರಾಗೋದು. ಇದೇ ಅನಿಲ ನಮ್ಮ ದೇಹದಲ್ಲೂ ತುಂಬಾ ಸಣ್ಣ ಪ್ರಮಾಣದಲ್ಲಿ ತಯಾರಾಗಿ ಉರಿಯೂತದ ಜೀವಕೋಶಗಳ ಆಟಕ್ಕೆ ಕಡಿವಾಣ ಹಾಕೋ ಸಂದೇಶವಾಹಕ ಥರ ಕೆಲಸ ಮಾಡತ್ತೆ ಅಂತ 1990ರ ದಶಕದಿಂದೀಚೆಗೆ ಗೊತ್ತಾಗಿದೆ. ಆದ್ರೆ ಅಸ್ತಮಾ, ಸಿಒಪಿಡಿ ಅಂತ ಕೆಳಗಿನ ಶ್ವಾಸಕೋಶಕ್ಕೆ ಇಳಿದಂಗೆಲ್ಲಾ ಪುರಾವೆ ತೆಳ್ಳಗಾಗ್ತಾ ಹೋಗತ್ತೆ, ಅಲ್ಲಿ ಇದು ಸಿಕ್ಕಿದ್ರೆ ಸಣ್ಣ ಲಾಭ, ಅಷ್ಟೇ.

ಇನ್ನೊಂದು ಗೊಂದಲ ಮೆಗ್ನೀಸಿಯಂದು. ಜೋರು ಅಸ್ತಮಾ ಅಟ್ಯಾಕ್ ಆದಾಗ ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಡ್ರಿಪ್ ಹಾಕ್ತಾರೆ, ಅದು ನಿಜ, ಅದನ್ನ ಹಿಡ್ಕೊಂಡು ಮೆಗ್ನೀಸಿಯಂ ನೀರಲ್ಲಿ ಕೂತ್ರೆ ಶ್ವಾಸನಾಳ ತೆರೆಯತ್ತೆ ಅಂತ ಮಾರೋರು ಇದ್ದಾರೆ. ರಕ್ತನಾಳಕ್ಕೆ ನೇರ ಹೋಗೋ ಡೋಸ್‌ಗೂ ಚರ್ಮದ ಮೂಲಕ ಹೋದ್ರೆ ಹೋಯ್ತು ಅನ್ನೋ ಚೂರಿಗೂ ಹೋಲಿಕೆನೇ ಇಲ್ಲ.

ಹೆಜ್ಜೆ 3: ಹೋಗ್ಬಾರದವರು ಯಾರು

ಡಾಕ್ಟರ್‌ನ ಕೇಳಿ ಅನ್ನೋದು ಬರೀ ಬಾಯಿಮಾತಿಗಲ್ಲ. ಹಾರ್ಟ್ ಫೇಲ್ಯೂರ್ ಇರೋರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದೋರು, ಬಿಪಿ ಹತೋಟಿಗೆ ಬರದೇ ಇರೋರು, ಜ್ವರ ಇರೋರು, ಕೆಮ್ಮಿದಾಗ ರಕ್ತ ಬರೋರು, ಟಿಬಿ ಚಿಕಿತ್ಸೆಯಲ್ಲಿರೋರು, ತೆರೆದ ಗಾಯ ಇರೋರು, ಗರ್ಭಿಣಿಯರು ಬಿಸಿ ತೊಟ್ಟಿಯಿಂದ ದೂರ ಇರಿ. ಕೀಲು ಕೆಂಪಾಗಿ, ಬಾವು ಬಂದು, ಮುಟ್ಟಿದ್ರೆ ಬಿಸಿ ಅನ್ನಿಸೋವಾಗ್ಲೂ ಬೇಡ, ಉರಿಯೂತ ಉರೀತಾ ಇರೋವಾಗ ಮೇಲೆ ಇನ್ನಷ್ಟು ಬಿಸಿ ಹಾಕಿದ್ರೆ ಕೆರಳತ್ತೆ, ಅದು ತಣ್ಣಗಾದ ಮೇಲೆ ಹೋಗಿ. ಶುಗರ್‌ನಿಂದ ಪಾದದ ಸ್ಪರ್ಶ ಹೋಗಿರೋರಿಗೆ ನೀರು ಸುಡ್ತಿದೆ ಅನ್ನೋದೇ ಗೊತ್ತಾಗಲ್ಲ, ಕಾಲಿಡೋ ಮುಂಚೆ ಬೇರೆಯವರಿಂದ ನೋಡಿಸಿ ಇಲ್ಲಾ ಥರ್ಮಾಮೀಟರ್ ಬಳಸಿ. ಬಿಪಿ ಮಾತ್ರೆ, ಎದೆನೋವಿಗೆ ನಾಲಿಗೆ ಕೆಳಗಿಡೋ ಮಾತ್ರೆ ತಗೊಳೋರು ಬಿಸಿ ನೀರಿಂದ ದಿಢೀರ್ ಎದ್ರೆ ತಲೆ ತಿರುಗಿ ಬೀಳ್ತಾರೆ. ನೋವಿನ ಪ್ಯಾಚ್ ಅಂಟಿಸ್ಕೊಂಡಿದ್ರೆ ಅದರ ಬಗ್ಗೆ ಸ್ಪಷ್ಟವಾಗಿ ಕೇಳಿ, ಫೆಂಟನಿಲ್ ಥರದ ಪ್ಯಾಚ್‌ಗೆ ಶಾಖ ತಾಗಿದ್ರೆ ಔಷಧಿ ಬೇಕಾದ್ದಕ್ಕಿಂತ ಜೋರಾಗಿ ಒಳಗೆ ಹೋಗತ್ತೆ, ಅದು ಪ್ರಾಣಾಪಾಯ.

ಹೆಜ್ಜೆ 4: ಹೋಗೋ ಮುಂಚೆ ಬರ್ದಿಟ್ಕೊಳಿ

ಎರಡು ವಾರ ಮುಂಚಿಂದ ಉಸಿರಿನ ತೊಂದ್ರೆ ಇರೋರು ದಿನಾ ಬೆಳಿಗ್ಗೆ ಸಂಜೆ ಪೀಕ್ ಫ್ಲೋ ಮೀಟರ್ (ಎಷ್ಟು ಜೋರಾಗಿ ಉಸಿರು ಹೊರಗೆ ಬಿಡ್ತೀರಿ ಅಂತ ಅಳೆಯೋ ಸಣ್ಣ ಸಾಧನ) ಊದಿ ನಂಬರ್ ಬರೀರಿ, ನಿಮ್ಮ ಅತ್ಯುತ್ತಮ ನಂಬರಿನ 80 ಪರ್ಸೆಂಟ್ ಮೇಲಿದ್ರೆ ಹೋಗ್ಬಹುದು, 50ರಿಂದ 80 ಇದ್ರೆ ಮೊದಲು ಔಷಧಿ ಸರಿ ಮಾಡಿಸ್ಕೊಳಿ, 50ಕ್ಕಿಂತ ಕೆಳಗಿದ್ರೆ ಸ್ಪಾ ಅಲ್ಲ ಆಸ್ಪತ್ರೆ. ಕೀಲು ನೋವಿನೋರು ನೋವಿಗೆ ಹತ್ತಕ್ಕೆ ಎಷ್ಟು, ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇತ್ತು ಬರೀರಿ. ಇದಿಲ್ಲದೆ ಹೋದ್ರೆ ವಾಪಸ್ ಬಂದಾಗ ಖರ್ಚು ಮಾಡಿದ ಮನಸ್ಸೇ ಉತ್ತರ ಹೇಳತ್ತೆ.

ಹೆಜ್ಜೆ 5: ಜಾಗ ಸರಿ ಇದೆಯಾ, ಮೂಗಿಂದಲೇ ಶುರು ಮಾಡಿ

ಒಳಗೆ ಕಾಲಿಟ್ಟಾಗ ಮೊದಲು ಗಮನಿಸ್ಬೇಕಾದ್ದು ಗಾಳಿ. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಮ್ಮಿ ಇದ್ರೂ ವಾಸನೆ ಬರತ್ತೆ, ಆದ್ರೆ ನೂರು ಭಾಗದ ಹತ್ರ ಹೋದಾಗ ಮೂಗೇ ಮರಗಟ್ಟಿ ವಾಸನೆ ನಿಂತ್ಹೋಗತ್ತೆ, ಅಂದ್ರೆ "ಈಗ ವಾಸನೆ ಬರ್ತಿಲ್ಲ, ಅಭ್ಯಾಸ ಆಯ್ತು" ಅನ್ನೋದು ಸಮಾಧಾನದ ಮಾತಲ್ಲ. ನ್ಯೂಜಿಲೆಂಡಿನ ರೋಟೊರುವಾ ಊರಿಗೆ ಊರೇ ಈ ವಾಸನೆಯಲ್ಲಿ ಬದುಕತ್ತೆ, ಅಲ್ಲಿ ಸುಮಾರು 1600 ವಯಸ್ಕರನ್ನ ಪರೀಕ್ಷಿಸಿದಾಗ ಅಸ್ತಮಾ ಜಾಸ್ತಿ ಆಗಿದ್ದೇನೂ ಕಂಡಿಲ್ಲ, ಅದೇ ಊರಲ್ಲಿ ಗಾಳಿ ಆಡದ ಕೋಣೆಗಳಲ್ಲಿ ಇದೇ ಅನಿಲಕ್ಕೆ ಜನ ಸತ್ತಿದ್ದೂ ಇದೆ. ಹೊರಗಿನ ಬಯಲು ಗಾಳಿ ಬೇರೆ, ಕಿಟಕಿ ಮುಚ್ಚಿದ ಬಚ್ಚಲು ಬೇರೆ. ತಗ್ಗಿನ, ಮುಚ್ಚಿದ, ಫ್ಯಾನ್ ಇಲ್ಲದ ಗಂಧಕದ ಸ್ನಾನದ ಕೋಣೆಗೆ ಒಬ್ರೇ ಹೋಗ್ಲೇಬೇಡಿ.

ಆಮೇಲೆ ಸೂಕ್ಷ್ಮಜೀವಿಗಳು. ಲೀಜನೆಲ್ಲಾ ಬ್ಯಾಕ್ಟೀರಿಯಾಕ್ಕೆ 25ರಿಂದ 45 ಡಿಗ್ರಿ ಅಂದ್ರೆ ಹಬ್ಬ, ಅದು ಹನಿಗಳ ಜೊತೆ ಉಸಿರಲ್ಲಿ ಹೋಗಿ ನ್ಯುಮೋನಿಯಾ ತರತ್ತೆ. ಗುಳ್ಳೆ ಎಬ್ಬಿಸೋ ಬಿಸಿ ತೊಟ್ಟಿಗಳ ಮಂಜಿನಲ್ಲಿ ಇರೋ ಮೈಕೋಬ್ಯಾಕ್ಟೀರಿಯಾದಿಂದ "ಹಾಟ್ ಟಬ್ ಲಂಗ್" ಅಂತ ಒಂದು ಶ್ವಾಸಕೋಶದ ಉರಿಯೂತನೇ ಬರತ್ತೆ, ಉರಿಯೂತ ಕಳ್ಕೊಳೋಕೆ ಹೋಗಿ ಹೊಸ ಉರಿಯೂತ ಹೊತ್ಕೊಂಡು ಬಂದ ಹಾಗೆ. ನೆಗ್ಲೇರಿಯಾ ಅಮೀಬಾ ಬಿಸಿ ನೀರಲ್ಲೇ ಬೆಳೆಯೋದು, ಮೂಗಿನೊಳಗೆ ಹೋದ ನೀರಿಂದ ಮೆದುಳಿಗೆ ಹೋಗತ್ತೆ. ಇಂಗ್ಲೆಂಡಿನ ಬಾತ್ ಊರಲ್ಲಿ ರೋಮನ್ನರ ಕಾಲದಿಂದ ಜನ ಇಳೀತಿದ್ದ ಬುಗ್ಗೆ ನೀರಲ್ಲಿ ಈಜಿದ ಒಬ್ಬ ಹುಡುಗಿ 1978ರಲ್ಲಿ ಇದರಿಂದ ತೀರ್ಕೊಂಡ್ಲು, ಆಮೇಲೆ ಅಲ್ಲಿ ಸ್ನಾನ ನಿಲ್ಲಿಸಿ, ಹೊಸ ಬೋರ್ ಕೊರೆದು, 2006ರಲ್ಲಿ ಬೇರೆ ಸ್ಪಾ ತೆರೆಯೋ ತನಕ ಆ ನೀರಿಗೆ ಇಳಿಯೋ ಹಾಗಿರಲಿಲ್ಲ. ಹಾಗಾಗಿ ಎಷ್ಟೇ ಪ್ರಸಿದ್ಧ ಬುಗ್ಗೆ ಆಗಿರ್ಲಿ ತಲೆ ಮುಳುಗಿಸ್ಬೇಡಿ, ಮೂಗಿಗೆ ನೀರು ಹೋಗೋ ಹಾಗೆ ಹಾರ್ಬೇಡಿ. ಇನ್ನು ಕ್ಲೋರಿನ್ ಹಾಕೋ ಪೂಲಲ್ಲಿ ಕಣ್ಣು ಮೂಗು ಉರಿಯೋ ಥರ ಘಾಟು ಇದ್ರೆ ಅದು ಶುಚಿಯ ಲಕ್ಷಣ ಅಲ್ಲ, ಬೆವರು ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗೋ ಕ್ಲೋರಮೈನ್, ಅಸ್ತಮಾ ಇರೋರಿಗೆ ಕೆಮ್ಮು ಶುರುವಾಗೋದು ಅದರಿಂದಲೇ.

ಹೆಜ್ಜೆ 6: ಕೀಲು, ಚರ್ಮಕ್ಕಾದ್ರೆ ಹೀಗೆ ಕೂರಿ

36ರಿಂದ 38 ಡಿಗ್ರಿ ನೀರು ಸಾಕು, 40 ದಾಟಿದ್ದು ಬೇಡ. ಮೊದಲನೇ ದಿನ 10 ನಿಮಿಷ, ಒಗ್ಗಿದ್ರೆ 15, 20. ಮೊದಲು ನೀರು ಕುಡೀರಿ, ಮದ್ಯ ಕುಡಿದು ಇಳೀಬೇಡಿ. ಕುತ್ತಿಗೆ ತನಕ ನೀರಲ್ಲಿ ನಿಂತ್ರೆ ಮಂಡಿ ಮೇಲಿನ ಭಾರ ಸುಮಾರು 90 ಪರ್ಸೆಂಟ್ ಕಮ್ಮಿ ಆಗತ್ತೆ, ಅದಕ್ಕೇ ಸುಮ್ನೆ ಕೂರೋ ಬದ್ಲು ಮಂಡಿ ಮಡಿಸಿ ಬಿಡಿಸಿ, ಭುಜ ತಿರುಗಿಸಿ, ನೆಲದ ಮೇಲೆ ಆಗದ ವ್ಯಾಯಾಮ ಅಲ್ಲಿ ಆಗತ್ತೆ, ನನ್ನ ಲೆಕ್ಕದಲ್ಲಿ ಖನಿಜಕ್ಕಿಂತ ಇದರ ಪಾಲೇ ದೊಡ್ಡದು. ಒಂದು ದಿನದ ಮುಳುಗಿಂದ ಆರಾಮ ಸಿಗತ್ತೆ, ಪರಿಣಾಮ ಬೇಕಂದ್ರೆ ಎರಡು ಮೂರು ವಾರದ ಸರಣಿ ಬೇಕು, ಇಟಲಿಯಲ್ಲಿ ಸಾಮಾನ್ಯವಾಗಿ 12 ದಿನ, ಫ್ರಾನ್ಸಲ್ಲಿ 18 ದಿನ, ಎರಡೂ ಕಡೆ ಡಾಕ್ಟರ್ ಚೀಟಿ ಮೇಲೆ ಸರ್ಕಾರಿ ವ್ಯವಸ್ಥೆನೇ ಖರ್ಚಿನ ಭಾಗ ಕೊಡತ್ತೆ. ಶುರುವಿನ ಕೆಲವು ದಿನ ಸುಸ್ತು, ನೋವು ಸ್ವಲ್ಪ ಏರೋದು ಇರತ್ತೆ, ಒಂದೆರಡು ದಿನ ಬಿಟ್ಟು ಸಮಯ ಕಮ್ಮಿ ಮಾಡಿ ಮುಂದುವರಿಸಿ, ಆದ್ರೂ ಏರ್ತಾನೇ ಹೋದ್ರೆ ನಿಲ್ಲಿಸಿ. ಎದ್ದ ಮೇಲೆ ಚರ್ಮದ ರೋಗ ಇರೋರು ಒದ್ದೆ ಇದ್ದಂಗೇ ಮಾಯಿಶ್ಚರೈಸರ್ ಹಚ್ಚಿ. ಬೆಳ್ಳಿ ಒಡವೆ ಮೊದಲೇ ತೆಗೆದಿಡಿ, ಗಂಧಕಕ್ಕೆ ಕಪ್ಪಾಗತ್ತೆ.

ಉಸಿರಿನ ತೊಂದ್ರೆ ಜೊತೆಗೆ ಮಂಡಿ ನೋವೂ ಇದ್ರೆ? ಸೊಂಟದ ಮಟ್ಟಕ್ಕೆ ನಿಲ್ಲಿಸ್ಕೊಳಿ. ನೀರಿನ ಒತ್ತಡ ಎದೆಯನ್ನ ಹೊರಗಿಂದ ಅಮುಕತ್ತೆ, ಕಾಲಿನ ರಕ್ತ ಎದೆಗೆ ಏರತ್ತೆ, ಕುತ್ತಿಗೆ ತನಕ ಇಳಿದ ಆರೋಗ್ಯವಂತರಿಗೇ ಉಸಿರಾಡೋ ಶ್ರಮ ಸುಮಾರು 60 ಪರ್ಸೆಂಟ್ ಜಾಸ್ತಿ ಆಗತ್ತೆ, ಮೊದಲೇ ಏದುಸಿರು ಬಿಡೋರ ಪಾಡು ಊಹಿಸ್ಕೊಳಿ.

ಹೆಜ್ಜೆ 7: ಉಸಿರಿಗಾದ್ರೆ, ಹನಿಯ ಸೈಜ್ ಮೇಲೆ ಎಲ್ಲಾ ನಿಂತಿದೆ

ಥರ್ಮಲ್ ಕೇಂದ್ರಗಳಲ್ಲಿ ಎರಡು ಥರದ ಸಾಧನ ಇರತ್ತೆ. ಮುಖಕ್ಕೆ ಬೆಚ್ಚಗಿನ ಹಬೆ ಚಿಮ್ಮಿಸೋದ್ರಲ್ಲಿ ಹನಿ ದೊಡ್ಡದು, ಮೂಗು ಗಂಟಲಲ್ಲೇ ಕೂತ್ಬಿಡತ್ತೆ, ಹಾಗಾಗಿ ಸೈನಸ್, ಗಂಟಲು ಕೆರೆತಕ್ಕೆ ಅದು. ಏರೋಸಾಲ್ ಅಥವಾ ದ್ರವವನ್ನ ಮಂಜು ಮಾಡಿ ಉಸಿರಿಗೆ ಕೊಡೋ ನೆಬ್ಯುಲೈಸರ್‌ನಲ್ಲಿ ಹನಿ 5 ಮೈಕ್ರಾನ್‌ಗಿಂತ ಸಣ್ಣದಾದ್ರೆ ಶ್ವಾಸಕೋಶದ ಒಳ ಕೊಳವೆ ತಲುಪತ್ತೆ. "ನನಗೆ ಕಟ್ಟಿರೋದು ಮೂಗಾ ಎದೆನಾ" ಅನ್ನೋದು ನಿಮ್ಮ ಡಾಕ್ಟರ್ ಜೊತೆ ತೀರ್ಮಾನ ಆಗಿರ್ಬೇಕು, ಅಲ್ಲಿ ಕೌಂಟರಿನಲ್ಲಿ ಕೂತಿರೋರ ಜೊತೆ ಅಲ್ಲ.

ಉಪ್ಪಿನ ನೀರಿನ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟೋ ಹುಟ್ಟಿನಿಂದಲೇ ಬರೋ ಕಾಯಿಲೆ) ಇರೋರಿಗೆ 7 ಪರ್ಸೆಂಟ್ ಉಪ್ಪು ನೀರಿನ ನೆಬ್ಯುಲೈಸೇಷನ್ ಲಾಭ ಕೊಡತ್ತೆ ಅಂತ 2006ರಲ್ಲೇ ಸಾಬೀತಾಗಿದೆ, ಆಸ್ಟ್ರೇಲಿಯಾದಲ್ಲಿ ಸಮುದ್ರದಲ್ಲಿ ಸರ್ಫಿಂಗ್ ಮಾಡೋ ರೋಗಿಗಳು ಚೆನ್ನಾಗಿರೋದನ್ನ ಗಮನಿಸಿದ್ದು ಆ ದಾರಿಗೆ ಒಂದು ಕಾರಣ. ಆದ್ರೆ ಅದೇ ಗಾಢ ಉಪ್ಪು ನೀರನ್ನ, 4.5 ಪರ್ಸೆಂಟ್, ಲ್ಯಾಬಲ್ಲಿ ಅಸ್ತಮಾ ಇದೆಯಾ ಅಂತ ಪತ್ತೆ ಹಚ್ಚೋಕೆ ಬಳಸ್ತಾರೆ, ಯಾಕಂದ್ರೆ ಅಸ್ತಮಾ ಇರೋರಿಗೆ ಅದನ್ನ ಎಳ್ಕೊಂಡ್ರೆ ಶ್ವಾಸನಾಳ ಬಿಗಿಯತ್ತೆ! ಒಬ್ರ ಔಷಧಿ ಇನ್ನೊಬ್ರಿಗೆ ಅಟ್ಯಾಕ್. ನೀರಿನ ಉಪ್ಪಿನಂಶ ಎಷ್ಟು ಕೇಳಿ, 0.9 ಪರ್ಸೆಂಟ್ ಆಸುಪಾಸು ಅಂದ್ರೆ ದೇಹದ ದ್ರವಕ್ಕೆ ಸಮ, ಅದಕ್ಕಿಂತ ಗಾಢ ಇದ್ರೆ ಅಸ್ತಮಾದವರು ಡಾಕ್ಟರ್ ಹೇಳದೆ ಮುಟ್ಬೇಡಿ. ಗಂಧಕದ ಏರೋಸಾಲ್ ಕೂಡ ಕೆಲವರಿಗೆ ಕೆಮ್ಮು ತರಿಸತ್ತೆ.

ಮೊದಲನೇ ಸಲ ಐದು ನಿಮಿಷ ಮಾತ್ರ, ಅಟ್ಯಾಕ್‌ಗೆ ಬಳಸೋ ಇನ್ಹೇಲರ್ ಮಡಿಲಲ್ಲೇ ಇರ್ಲಿ, ಮುಂಚೆ ಒಂದ್ಸಲ, ಮುಗಿದ ಹದಿನೈದು ನಿಮಿಷಕ್ಕೆ ಒಂದ್ಸಲ ಪೀಕ್ ಫ್ಲೋ ಊದಿ. ಎದೆ ಬಿಗಿಯಾಯ್ತು, ಸುಯ್ ಸುಯ್ ಸದ್ದು ಬಂತು ಅಂದ್ರೆ ಮಾಸ್ಕ್ ಕಿತ್ತು ಇನ್ಹೇಲರ್ ತಗೊಳಿ, "ಸ್ವಲ್ಪ ತಡ್ಕೊಳಿ, ಕಫ ಸಡಿಲಾಗ್ತಿದೆ" ಅಂತ ಯಾರಾದ್ರೂ ಹೇಳಿದ್ರೂ ಕೇಳ್ಬೇಡಿ. ಬಾಯಿಗಿಡೋ ಭಾಗ ನಿಮ್ಮದೇ ಆಗಿರ್ಬೇಕು, ಇಲ್ಲಾ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೀಬೇಕು. ಕಫ ಸಡಿಲಾಗೋದು ಸಾಮಾನ್ಯವಾಗಿ ಆಮೇಲೆ, ಆಗ ನುಂಗದೆ ಉಗೀರಿ, ನಿಧಾನಕ್ಕೆ ಆಳವಾಗಿ ಉಸಿರಾಡಿ ಕೆಮ್ಮಿ ಹೊರಗೆ ಹಾಕಿ.

ಹೆಜ್ಜೆ 8: ವಾಪಸ್ ಬಂದ ಮೇಲೆ, ಮತ್ತೆ ಮನೇಲಿ

ಬರ್ದಿಟ್ಟ ಪುಸ್ತಕ ಒಂದು ತಿಂಗಳು, ಮೂರು ತಿಂಗಳಿಗೆ ತೆಗೆದು ನೋಡಿ. ಔಷಧಿ ಡೋಸ್ ಕಮ್ಮಿ ಮಾಡೋದಿದ್ರೆ ಆ ನಂಬರ್ ಡಾಕ್ಟರ್‌ಗೆ ತೋರಿಸಿ ಅವರೇ ಮಾಡ್ಲಿ. ಸ್ಪಾಗೆ ಹೋದ ಎರಡು ವಾರದೊಳಗೆ ಜ್ವರ, ಒಣ ಕೆಮ್ಮು, ಉಸಿರು ಸಾಲದು ಅನ್ನಿಸಿದ್ರೆ "ಬಿಸಿ ತೊಟ್ಟಿಯಲ್ಲಿ ಕೂತಿದ್ದೆ" ಅನ್ನೋದನ್ನ ಬಾಯಿಬಿಟ್ಟು ಹೇಳಿ, ಹೇಳದೆ ಇದ್ರೆ ಲೀಜನೆಲ್ಲಾ ಟೆಸ್ಟ್ ಮಾಡಿಸೋ ಯೋಚನೆನೇ ಯಾರಿಗೂ ಬರಲ್ಲ.

ಹೋಗೋಕಾಗದವರು ಮನೇಲಿ ಏನ್ ಮಾಡ್ಬಹುದು ಅಂದ್ರೆ, ಒಣ ಉರಿಯೋ ಚರ್ಮಕ್ಕೆ ಮೃತ ಸಮುದ್ರದ ಉಪ್ಪನ್ನ 5 ಪರ್ಸೆಂಟ್ ಅಂದ್ರೆ ಲೀಟರ್‌ಗೆ 50 ಗ್ರಾಂ ಲೆಕ್ಕದಲ್ಲಿ ಕರಗಿಸಿ ಕೈ 15 ನಿಮಿಷ ಅದ್ದಿಡಬಹುದು, 2005ರ ಒಂದು ಪ್ರಯೋಗದಲ್ಲಿ ಇದೇ ಅಳತೆಗೆ ಚರ್ಮದ ರಕ್ಷಣಾ ಪದರ ಬಲವಾಗಿ ಕೆಂಪು ಇಳಿದಿತ್ತು, ಬಿರುಕು ಬಿಟ್ಟಿದ್ರೆ ಉರಿಯತ್ತೆ ಅಷ್ಟೇ. ಮೂಗು ತೊಳೆಯೋಕೆ ಒಂದು ಲೋಟ ನೀರಿಗೆ ಕಾಲು ಟೀ ಚಮಚದಿಂದ ಅರ್ಧ ಚಮಚ ಶುದ್ಧ ಉಪ್ಪು, ನೀರು ಮಾತ್ರ ಕನಿಷ್ಠ ಒಂದು ನಿಮಿಷ ಮಳ್ಳಿಸಿ ಆರಿಸಿದ್ದೇ ಆಗಿರ್ಬೇಕು, ನಲ್ಲಿ ನೀರನ್ನ ಹಾಗೇ ಮೂಗಿಗೆ ಬಿಡ್ಬೇಡಿ, ಅಮೀಬಾ ಕಥೆ ಮೇಲೆ ಓದಿದ್ರಲ್ಲ. ಥರ್ಮಲ್ ವಾಟರ್ ಸ್ಪ್ರೇ ಬಾಟಲಿಗಳು ಮುಖದ ಚರ್ಮಕ್ಕೆ ಇರೋದು, ಅದನ್ನಾಗ್ಲಿ, ಬುಗ್ಗೆಯಿಂದ ಕ್ಯಾನಲ್ಲಿ ತುಂಬಿಸ್ಕೊಂಡು ಬಂದ ನೀರನ್ನಾಗ್ಲಿ, ಮನೇಲಿ ಕಲಸಿದ ಉಪ್ಪು ನೀರನ್ನಾಗ್ಲಿ ನೆಬ್ಯುಲೈಸರ್‌ಗೆ ಹಾಕ್ಬೇಡಿ, ಅದಕ್ಕೆ ಮೆಡಿಕಲ್ ಸ್ಟೋರಲ್ಲಿ ಸಿಗೋ ಸೀಲ್ ಮಾಡಿದ ಸ್ಟೆರೈಲ್ ಸಲೈನ್ ಮಾತ್ರ, ಒಮ್ಮೆ ತೆರೆದ ಮೇಲೆ ಉಳಿದದ್ದನ್ನ ನಾಳೆಗಂತ ಎತ್ತಿಡದೆ ಚೆಲ್ಬಿಡಿ.